ಯಾವ ಬೆರಳು?

ಹೋದ ವಾರ ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ರಾತ್ರಿ ಹತ್ತರ ಹೊತ್ತಿಗೆ ಫೋನ್ ಮಾಡಿದ. ದಿನದ ಸುದ್ದಿ ಕಳಿಸಿ ಮುಗಿಸಿದ ಮೇಲೆ ನಮ್ಮಂಥವರಿಗೆ ಮಾತಾಡಲು ಸಿಗುವ ಹೊತ್ತು ಅದು. ಅವನೂ ಈಗ ಸೈಕಲ್ ತಗೊಂಡಿದ್ದಾನಂತೆ. "ನಿಂದು ಐತಲ್ಲ, ಅಂಥದ್ದೇ. ಬಗ್ಗಿದ ಹ್ಯಾಂಡಲ್ಲಿಂದು. ಮೂವತ್ತು ಕಿಲೋಮೀಟರ್ ದಾಟಿದ್ರೆ ಸಾಕು, ಕೈ ಜೋಮು ಹಿಡಿತೈತೆ ಮಾರಾಯ. ಗ್ಲೌಸ್ ತಗೊಂಡ್ರೆ ಹೋಗುತ್ತಾ?" ಅಂದ. ಗ್ಲೌಸ್ ತಗೋ, ಆದ್ರೆ ಅದಕ್ಕಿಂತ ಮೊದಲು ಮಾಡೋ ಕೆಲಸ ನಾಲ್ಕೈದು ಇವೆ ಅಂದೆ. ಎಲ್ಲವನ್ನೂ ಫೋನಿನಲ್ಲಿ ಹೇಳಲು ಆಗಲಿಲ್ಲ. ಹೇಳಬೇಕಾದ್ದರಲ್ಲಿ ಒಂದು ಭಾಗವನ್ನು ನಾನು ಇದುವರೆಗೆ ಯಾರಿಗೂ ಹೇಳಿಕೊಂಡೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಮದಕರಿಪುರದಲ್ಲಿ. ಚಿತ್ರದುರ್ಗ ಹತ್ತಿರದಲ್ಲೇ ಇದೆ, ಆದರೆ ಸುದ್ದಿ ಹತ್ತಿರದಲ್ಲೇ ಆಗುವುದಿಲ್ಲವಲ್ಲ. ಇವತ್ತು ಹೊಳಲ್ಕೆರೆ ಕಡೆ ತೋಟದಲ್ಲಿ ಅಡಿಕೆ ಕಳ್ಳತನ, ನಾಳೆ ಹಿರಿಯೂರು ಹತ್ತಿರ ಹೆದ್ದಾರಿ ಅಪಘಾತ, ನಾಡಿದ್ದು ಹೊಸದುರ್ಗದ ಹಳ್ಳಿಯೊಂದರಲ್ಲಿ ಕರಡಿ. ಹೊಳಲ್ಕೆರೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಹಿರಿಯೂರು ನಲವತ್ತು, ಹೊಸದುರ್ಗ ಅರವತ್ತರ ಹತ್ತಿರ. ನಾವು ಸ್ಟ್ರಿಂಗರ್‌ಗಳು. ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಅಚ್ಚಾಗದಿದ್ದರೆ ಪೆಟ್ರೋಲ್ ನಮ್ಮದೇ. ಪೆಟ್ರೋಲ್ ನೂರು ದಾಟಿದ ಮೇಲೆ ಕೆಲವು ಸುದ್ದಿಗೆ ಹೋಗಿಬರುವ ಖರ್ಚೇ ಸುದ್ದಿಯಿಂದ ಬರುವುದಕ್ಕಿಂತ ಜಾಸ್ತಿ ಆಗತೊಡಗಿತು.

ಆಗಲೇ ನನಗೆ ಸೈಕಲ್ ಗೀಳು ಹತ್ತಿದ್ದು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದೂರಸವಾರಿ ಮಾಡುವ ಸೈಕಲಿಗರು ಆಗಾಗ ನಮ್ಮ ಜಿಲ್ಲೆ ಹಾದು ಹೋಗುತ್ತಾರೆ. ಬ್ರೆವೆ ಅಂತ ಅದರ ಹೆಸರು. ರೇಸ್ ಅಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ. ಬೆಳಗಿನ ಜಾವ ಹೆದ್ದಾರಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಇಬ್ಬರನ್ನು ಮಾತಾಡಿಸಿ ಒಂದು ಸಣ್ಣ ಬರಹ ಮಾಡಿದ್ದೆ. ಅವರಲ್ಲೊಬ್ಬರು ಆಮೇಲೆ ತಮ್ಮ ಹಳೇ ಸೈಕಲನ್ನು ನನಗೆ ಕಡಿಮೆ ದುಡ್ಡಿಗೆ ಕೊಟ್ಟರು.

ಮೊದಲ ದಿನ ಊರಿಗೆ ತಂದಾಗ ಹುಡುಗರು ಸುತ್ತ ನಿಂತು ಅದಕ್ಕೆ 'ಟಗರು ಸೈಕಲ್' ಅಂತ ಹೆಸರಿಟ್ಟರು. ಹೆಸರು ಸರಿಯಾಗೇ ಇದೆ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಬಾಗಿ ಹಿಂದಕ್ಕೆ ತಿರುಗುತ್ತದೆ. ಅದರಲ್ಲಿ ಕೈ ಇಡಲು ಮೂರು ಜಾಗ ಇವೆ. ಮೇಲಿನ ನೇರ ಭಾಗ ಒಂದು. ಬ್ರೇಕ್ ಲಿವರ್ ಕೂತಿರುವ ರಬ್ಬರಿನ ಉಬ್ಬು ಇನ್ನೊಂದು, ಅದಕ್ಕೆ ಹುಡ್ ಅನ್ನುತ್ತಾರೆ. ಕೆಳಗಿನ ಬಾಗಿದ ಭಾಗ ಮೂರನೆಯದು, ಡ್ರಾಪ್. ಮೂರು ಜಾಗ ಯಾಕೆ ಕೊಟ್ಟಿದ್ದಾರೆ ಅಂತ ನಾನು ಯೋಚನೆ ಮಾಡಲಿಲ್ಲ. ರೇಸಿನವರ ಹಾಗೆ ಕಾಣಲಿ ಅಂತ ಬಗ್ಗಿ ಒಂದೇ ಕಡೆ ಹಿಡಿದುಕೊಂಡು ಓಡಿಸಿದೆ.

2022ರ ಆಷಾಢದಲ್ಲಿ ಜೋಮು ಶುರುವಾಯಿತು. ಆಷಾಢದಲ್ಲಿ ದುರ್ಗದ ಗಾಳಿ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಸುತ್ತ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ ಹೊಳಲ್ಕೆರೆ ಕಡೆ ಹೋಗುವಾಗ ತಲೆ ತಗ್ಗಿಸಿ, ಡ್ರಾಪ್ ಬಿಗಿಯಾಗಿ ಹಿಡಿದು, ಗಂಟೆಗಟ್ಟಲೆ ತುಳಿಯುತ್ತಿದ್ದೆ. ಇಳಿದ ಮೇಲೆ ಬಲಗೈ ಜುಂ ಅನ್ನುತ್ತಿತ್ತು. ಕೊಡವಿದರೆ ಹೋಗುತ್ತಿತ್ತು. ಕೊಡವಿದರೆ ಹೋಗುವುದನ್ನು ಯಾರು ತಲೆಗೆ ಹಚ್ಚಿಕೊಳ್ಳುತ್ತಾರೆ?

ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ ಕೋಡಿ ಬಿತ್ತು. ಹೊರಗಿನವರಿಗೆ ಅದರ ತೂಕ ಗೊತ್ತಾಗಲಿಕ್ಕಿಲ್ಲ. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. ಅಲ್ಲಿಂದ ಈಚೆಗೆ ಅದು ಒಂದೇ ಒಂದು ಸಲ, 1933ರಲ್ಲಿ, ಕೋಡಿ ಬಿದ್ದಿತ್ತು. 89 ವರ್ಷ ಆದ ಮೇಲೆ ಮತ್ತೆ ಬಿತ್ತು. ಜಿಲ್ಲೆಗೆ ಜಿಲ್ಲೆಯೇ ಅತ್ತ ನಡೆದಿತ್ತು. ಕಾರು, ಟ್ರ್ಯಾಕ್ಟರ್, ಟೆಂಪೊ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಸೈಕಲ್ಲೇ ಸರಿ ಅಂತ ಕೋಳಿ ಕೂಗುವ ಮೊದಲೇ ಹೊರಟೆ. ಐಮಂಗಲ, ಹಿರಿಯೂರು ದಾಟಿ ಅಣೆಕಟ್ಟೆ ಸೇರುವ ಹೊತ್ತಿಗೆ ಅರವತ್ತು ಕಿಲೋಮೀಟರ್ ಆಗಿತ್ತು. ಬೆನ್ನ ಮೇಲೆ ಕ್ಯಾಮೆರಾ, ಟ್ರೈಪಾಡ್, ಚಾರ್ಜರ್, ರೇನ್‌ಕೋಟ್, ನೀರು ತುಂಬಿದ ಬ್ಯಾಗು.

ಕೋಡಿಯ ನೀರು ನೋಡುತ್ತ ನಿಂತ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಫೋಟೊ ಹೊಡೆದೆ. ಸುದ್ದಿ ಟೈಪ್ ಮಾಡೋಣ ಅಂತ ಫೋನ್ ತೆಗೆದರೆ ಬಲಗೈಯಲ್ಲಿ ಅದು ನಿಲ್ಲುತ್ತಿಲ್ಲ. ಕಿರುಬೆರಳು ಫೋನಿನ ಬುಡಕ್ಕೆ ಆಸರೆ ಕೊಡುತ್ತಲ್ಲ, ಆ ಆಸರೆಯೇ ಇಲ್ಲ. ಬೆರಳು ಅಲ್ಲಿದೆ, ಕಣ್ಣಿಗೆ ಕಾಣುತ್ತದೆ, ಆದರೆ ನನ್ನದಲ್ಲ ಅನ್ನುವ ಹಾಗೆ. ಕೊಡವಿದೆ. ಹೋಗಲಿಲ್ಲ. ಕೊನೆಗೆ ಫೋನನ್ನು ಗೋಡೆಗೆ ಒರಗಿಸಿ, ಬಾಯಲ್ಲಿ ಹೇಳಿ ಟೈಪ್ ಮಾಡಿಸಿದೆ. ಅದು 'ಕೋಡಿ' ಅಂದಾಗಲೆಲ್ಲ 'ಕೋಟಿ' ಅಂತ ಬರೆಯಿತು. ನೋಡಿ ತಿದ್ದುವ ತಾಳ್ಮೆ ಇರಲಿಲ್ಲ. ಡೆಸ್ಕಿನಿಂದ ಫೋನ್ ಬಂತು: "ಏನ್ರೀ, ಎಷ್ಟು ಕೋಟಿ ಹರೀತಂತೆ?" ನಕ್ಕೆ. ವಾಪಸ್ ಬರುವಾಗ ಎದುರುಗಾಳಿ. ಆ ಅರವತ್ತು ಕಿಲೋಮೀಟರಿನಲ್ಲಿ ನಗು ಪೂರ್ತಿ ಹೋಯಿತು.

ಮೂರು ದಿನ ಆದರೂ ಬೆರಳು ವಾಪಸ್ ಬರಲಿಲ್ಲ. ಅಂಗಿ ಗುಂಡಿ ಹಾಕಲು ಆಗುತ್ತಿರಲಿಲ್ಲ. ಬೀಗದ ಕೈ ತಿರುಗಿಸಲು ಎಡಗೈ ಬೇಕಾಯಿತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು. "ಯಾಕಪ್ಪಾ, ಕೈಗೇನಾತು?" ಅಂತ ಅವ್ವ ಕೇಳಿದಳು. "ಏನಿಲ್ಲ ಕಣವ್ವ, ಬಿಸಿ ಇತ್ತು" ಅಂದೆ. ಲೋಟ ಬಿಸಿ ಇತ್ತು, ನಿಜ. ಆ ಬಿಸಿ ನನ್ನ ಕಿರುಬೆರಳಿಗೆ ಗೊತ್ತೇ ಆಗಿರಲಿಲ್ಲ.

ಇದುವರೆಗೆ ಯಾರಿಗೂ ಹೇಳದ ಭಾಗ ಇನ್ನು ಶುರುವಾಗುತ್ತದೆ.

ಅದೇ ವರ್ಷ ಜನವರಿ 30ಕ್ಕೆ ನಾನೊಂದು ಸುದ್ದಿ ಮಾಡಿದ್ದೆ. ಗಾಂಧೀಜಿ ತೀರಿಕೊಂಡ ಆ ದಿನವನ್ನು ಕುಷ್ಠರೋಗ ವಿರೋಧಿ ದಿನ ಅಂತ ಆಚರಿಸುತ್ತಾರೆ. 'ಸ್ಪರ್ಶ' ಅಂತ ಜಾಗೃತಿ ಕಾರ್ಯಕ್ರಮ ನಡೆಯುತ್ತದೆ. ಆಶಾ ಕಾರ್ಯಕರ್ತೆಯೊಬ್ಬರು ಚಿತ್ರಪಟ ಹಿಡಿದು ಹೆಂಗಸರಿಗೆ ತೋರಿಸುತ್ತಿದ್ದರು: ಮುಟ್ಟಿದರೆ ಗೊತ್ತಾಗದ ಮಚ್ಚೆ, ಬಿಸಿ ತಾಗಿದರೂ ಅರಿವಾಗದ ಚರ್ಮ, ಕಿರುಬೆರಳು ಮತ್ತು ಉಂಗುರ ಬೆರಳು ಒಳಕ್ಕೆ ಮಡಚಿದ ಕೈ. ಪತ್ರಿಕಾ ಟಿಪ್ಪಣಿ ನೋಡಿ ನೂರೈವತ್ತು ಪದ ಬರೆದು ಕೈತೊಳೆದುಕೊಂಡಿದ್ದೆ. ಈಗ ಆ ಮೂರನೇ ಚಿತ್ರ ರಾತ್ರಿ ಮಲಗಿದರೆ ಕಣ್ಣ ಮುಂದೆ ಬರತೊಡಗಿತು. ಅವೇ ಎರಡು ಬೆರಳು. ನನ್ನವೂ ಅವೇ ಎರಡು.

ಬಾಗಿಲು ಹಾಕಿಕೊಂಡು ಮೈಮೇಲೆಲ್ಲ ಮಚ್ಚೆ ಹುಡುಕಿದೆ. ಸಭೆಗಳಲ್ಲಿ ಬಲಗೈ ಜೇಬಿನಲ್ಲಿಟ್ಟುಕೊಂಡು ನಿಂತೆ. ನಮ್ಮೂರಲ್ಲಿ ಅದನ್ನು ಹೆಸರು ಹಿಡಿದು ಹೇಳುವುದಿಲ್ಲ, 'ದೊಡ್ಡರೋಗ' ಅನ್ನುತ್ತಾರೆ. ಅಷ್ಟಂದರೂ ದನಿ ತಗ್ಗಿಸುತ್ತಾರೆ. ಅವ್ವನಿಗೆ ಗೊತ್ತಾದರೆ? ನನಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಜಾಗೃತಿ ಕಾರ್ಯಕ್ರಮದ ಸುದ್ದಿ ಬರೆದವನು ನಾನೇ. ಔಷಧಿ ಪುಕ್ಕಟೆ, ಗುಣವಾಗುತ್ತದೆ ಅಂತ ಬರೆದವನೂ ನಾನೇ. ನನ್ನ ಕೈಗೆ ಬಂದಾಗ ಅದೊಂದೂ ಕೆಲಸಕ್ಕೆ ಬರಲಿಲ್ಲ. ಮೂರು ವಾರ ಮುಚ್ಚಿಟ್ಟುಕೊಂಡೆ. ಅಷ್ಟೂ ದಿನ ಅದೇ ಸೈಕಲನ್ನು ಅದೇ ಥರ ಓಡಿಸಿದೆ ಕೂಡ.

ಕೊನೆಗೆ ಹೋದದ್ದು ದುರ್ಗದ ಒಬ್ಬ ವೈದ್ಯರ ಹತ್ತಿರ. "ಯಾವ ಬೆರಳು?" ಅಂದರು. "ಎಲ್ಲಾ ಸಾರ್, ಕೈಯೇ ಜೋಮು" ಅಂದೆ. "ಎಲ್ಲಾ ಅನ್ನಬೇಡಿ. ವರದಿಗಾರರು ನೀವು. ಸರಿಯಾಗಿ ಹೇಳಿ" ಅಂದು, ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಮುಟ್ಟುತ್ತ ಹೋದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸರಿ ಇದ್ದವು. ಕಿರುಬೆರಳು ಪೂರ್ತಿ ಮಂಕು. ಉಂಗುರ ಬೆರಳು ಮಾತ್ರ ವಿಚಿತ್ರ: ನಡುಬೆರಳ ಕಡೆಯ ಅರ್ಧಕ್ಕೆ ಗೊತ್ತಾಗುತ್ತದೆ, ಕಿರುಬೆರಳ ಕಡೆಯ ಅರ್ಧಕ್ಕೆ ಗೊತ್ತಾಗುವುದಿಲ್ಲ. ಒಂದೇ ಬೆರಳಿನಲ್ಲಿ ಎರಡು ಸೀಮೆ! ಇಷ್ಟು ದಿನ ಅದು ನನ್ನ ಕೈಯಲ್ಲೇ ಇದ್ದರೂ ನಾನು ನೋಡಿರಲಿಲ್ಲ.

ಅವರು ವಿವರಿಸಿದ್ದು ಹೀಗೆ. ಅಂಗೈಗೆ ಮುಖ್ಯವಾಗಿ ಎರಡು ನರ ಸ್ಪರ್ಶ ಕೊಡುತ್ತವೆ. ಹೆಬ್ಬೆರಳಿಂದ ಉಂಗುರ ಬೆರಳಿನ ಅರ್ಧದವರೆಗೆ ಮೀಡಿಯನ್ ನರ. ಇನ್ನರ್ಧ ಮತ್ತು ಕಿರುಬೆರಳಿಗೆ ಅಲ್ನಾರ್ ನರ. ಮೊಣಕೈ ಎಲ್ಲಿಗಾದರೂ ಬಡಿದಾಗ ಕರೆಂಟ್ ಹೊಡೆದಂತೆ ಆಗುತ್ತಲ್ಲ, ಅದೇ ನರ. ಅದು ಅಂಗೈಗೆ ಬರುವಾಗ ಕಿರುಬೆರಳ ಕಡೆಯ ಅಂಗೈ ಬುಡದಲ್ಲಿ, ಎರಡು ಸಣ್ಣ ಮೂಳೆಗಳ ನಡುವಿನ ಕಿರಿದಾದ ದಾರಿಯಲ್ಲಿ ಹಾಯುತ್ತದೆ. 1861ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಗಯಾನ್ ಹೆಸರೇ ಆ ದಾರಿಗಿದೆ. ಅಲ್ಲಿ ಮೇಲೆ ದಪ್ಪ ಮಾಂಸದ ರಕ್ಷಣೆ ಇಲ್ಲ. ಸೈಕಲಿನ ಹ್ಯಾಂಡಲ್ ಸರಿಯಾಗಿ ಅದೇ ಜಾಗವನ್ನು ಒತ್ತುತ್ತದೆ. ಇದು ಎಷ್ಟು ಮಾಮೂಲಿ ಅಂದರೆ ಇದಕ್ಕೆ 'ಸೈಕಲಿಗರ ಪಾರ್ಶ್ವವಾಯು' ಅನ್ನುವ ಅರ್ಥದ ಹೆಸರೇ ವೈದ್ಯಕೀಯದಲ್ಲಿದೆ. 2003ರಲ್ಲಿ ಅಮೆರಿಕದ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದಲ್ಲಿ 600 ಕಿಲೋಮೀಟರ್ ಸವಾರಿ ಮಾಡಿದ 25 ಮಂದಿಯ ಕೈ ಪರೀಕ್ಷಿಸಿದ್ದರು. 23 ಮಂದಿಗೆ ಜೋಮೋ, ಬೆರಳ ನಿತ್ರಾಣವೋ, ಎರಡೂವೋ ಕಾಣಿಸಿಕೊಂಡಿತ್ತು.

ಆಮೇಲೆ ನನ್ನ ಜೇಬಿನಲ್ಲಿದ್ದ ಪತ್ರಿಕಾ ಟಿಪ್ಪಣಿಯನ್ನೇ ತೆಗೆದುಕೊಂಡರು. ಹೆಬ್ಬೆರಳು ನೆಟ್ಟಗಿಟ್ಟು ತೋರುಬೆರಳ ಪಕ್ಕಕ್ಕೆ ಒತ್ತಿ ಹಾಳೆ ಹಿಡಿಯಿರಿ, ನಾನು ಎಳೆಯುತ್ತೇನೆ ಅಂದರು. ಎಡಗೈಯಿಂದ ಎಳೆಯಲು ಅವರಿಗೆ ಆಗಲಿಲ್ಲ. ಬಲಗೈಯಿಂದ ಹಾಳೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಹೆಬ್ಬೆರಳನ್ನು ಹಾಗೆ ಒತ್ತುವ ಸ್ನಾಯುವಿಗೂ ಅಪ್ಪಣೆ ಹೋಗುವುದು ಇದೇ ಅಲ್ನಾರ್ ನರದಿಂದ. ಜೋಮು ಬರೀ ಚರ್ಮದ್ದಲ್ಲ, ಸ್ನಾಯುವಿನ ಬಲವನ್ನೂ ಮುಟ್ಟಿದೆ ಅಂತ ಅದರ ಅರ್ಥ. ಬರೆದು, ಫೋಟೊ ಹೊಡೆದು ಬದುಕುವವನು ನಾನು. ಆ ಹಾಳೆ ಜಾರಿದ ಕ್ಷಣ ಎದೆ ಝಲ್ ಅಂದಿತು.

ಆಗ ಕೇಳಿಯೇಬಿಟ್ಟೆ: "ಸಾರ್, ಇದು... ದೊಡ್ಡರೋಗ ಏನಾದ್ರೂ?" ಅವರು ನಗಲಿಲ್ಲ. ಮೊಣಕೈ ಹಿಂದೆ ನರವನ್ನು ಬೆರಳಿನಿಂದ ತಡವಿ ನೋಡಿದರು. ಕುಷ್ಠದಲ್ಲಿ ಇದೇ ನರ ಮೊಣಕೈ ಹತ್ತಿರ ದಪ್ಪಗಾಗುತ್ತದೆ, ನಿಮಗೆ ದಪ್ಪಗಾಗಿಲ್ಲ ಅಂದರು. ಚರ್ಮ ನೋಡಿದರು, ಮಚ್ಚೆ ಇಲ್ಲ. ಆಮೇಲೆ ಹಿಂಗೈ ಮೇಲೆ, ಕಿರುಬೆರಳ ಕಡೆ, ಹತ್ತಿ ಆಡಿಸಿದರು. ಅಲ್ಲಿ ಚೆನ್ನಾಗಿ ಗೊತ್ತಾಯಿತು. "ಹಿಂಗೈಗೆ ಹೋಗೋ ಕವಲು ಮಣಿಕಟ್ಟಿಗಿಂತ ಮೇಲೇ ಒಡೆದು ಹೋಗುತ್ತೆ. ಹಿಂಗೈ ಸರಿ ಇದ್ದು ಅಂಗೈ ಕಡೆ ಮಾತ್ರ ಜೋಮು ಅಂದ್ರೆ ತೊಂದರೆ ಮಣಿಕಟ್ಟಲ್ಲಿದೆ, ಮೇಲೆ ಅಲ್ಲ. ನಿಮ್ಮ ಸೈಕಲ್ಲೇ ಕಾರಣ" ಅಂದರು. ಸಕ್ಕರೆ ಕಾಯಿಲೆ, ಬಿ12 ಕೊರತೆಯಿಂದಲೂ ಜೋಮು ಬರುತ್ತದೆ ಅಂತ ರಕ್ತಪರೀಕ್ಷೆ ಮಾಡಿಸಿದರು. ಅವೆರಡೂ ಸರಿ ಇದ್ದವು.

ಹೊರಡುವಾಗ ಅವರು ಹೇಳಿದ ಮಾತು ಇನ್ನೂ ಚುಚ್ಚುತ್ತದೆ. "ಅದೇ ಆಗಿದ್ರೂ ಏನಾಗ್ತಿತ್ತು? ಮಾತ್ರೆ ಪುಕ್ಕಟೆ, ಆರು ತಿಂಗಳು, ಇಲ್ಲಾಂದ್ರೆ ಹನ್ನೆರಡು ತಿಂಗಳು. ಬೇಗ ಬಂದ್ರೆ ಬೆರಳು ಮಡಚೋ ಹಂತಕ್ಕೆ ಹೋಗೋದೇ ಇಲ್ಲ. ಪೇಪರಿನವರು ನೀವೇ ಮೂರು ವಾರ ಮುಚ್ಚಿಟ್ಟುಕೊಂಡು ಬಂದ್ರೆ, ಹಳ್ಳಿಯ ಹೆಣ್ಣುಮಗಳು ಎಷ್ಟು ವರ್ಷ ಮುಚ್ಚಿಡಬೇಕು?" ಉತ್ತರ ಇರಲಿಲ್ಲ. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ಹೇಳ್ಬಾರ್ದೇನೋ, ನಾನೇನು ನಿನ್ನ ಹೊರಗೆ ಹಾಕ್ತಿದ್ನಾ?" ಅಂದಳು. ಅಷ್ಟೇ.

ಒಂದು ತಿಂಗಳು ಸೈಕಲ್ ಮುಟ್ಟಬೇಡಿ ಅಂದಿದ್ದರು. ಬಸ್ಸಿನಲ್ಲಿ ಓಡಾಡಿದೆ. ಸುದ್ದಿ ಕಡಿಮೆಯಾಯಿತು, ದುಡ್ಡೂ ಕಡಿಮೆಯಾಯಿತು. ಜೋಮು ಮೊದಲು ಉಂಗುರ ಬೆರಳಿನಿಂದ ಇಳಿಯಿತು. ಕಿರುಬೆರಳ ತುದಿಗೆ ಪೂರ್ತಿ ಸ್ಪರ್ಶ ಬರಲು ದೀಪಾವಳಿ ಕಳೆಯಬೇಕಾಯಿತು. ದಿನಾ ಬೆಳಿಗ್ಗೆ ಒಂದು ಹಾಳೆ ಹಿಡಿದು ಅವ್ವನ ಕೈಲಿ ಎಳೆಸುತ್ತಿದ್ದೆ. ಒಂದು ದಿನ ಅದು ಹರಿಯಿತು, ಜಾರಲಿಲ್ಲ.

ಮತ್ತೆ ಸೈಕಲ್ ಹತ್ತುವ ಮೊದಲು ದುರ್ಗದಲ್ಲಿ ಪರಿಚಯದ ಸೈಕಲ್ ಶಾಪಿನ ಚಾಚಾ ಹತ್ತಿರ ಹೋದೆ. ಹ್ಯಾಂಡಲಿಗೆ ಮೆತ್ತನೆಯದು ಏನಾದರೂ ಸುತ್ತಿಕೊಡಿ ಅಂದೆ. ಚಾಚಾ ಹ್ಯಾಂಡಲ್ ಕಡೆ ನೋಡಲೇ ಇಲ್ಲ. "ಸೀಟು ನೋಡಿ ಸಾರ್. ಜಾರುಬಂಡೆ ಮಾಡ್ಕೊಂಡಿದ್ದೀರಿ" ಅಂದರು.

ಅದು ನಾನೇ ಮಾಡಿದ್ದು. ಕೊಂಡ ಹೊಸತರಲ್ಲಿ ಸೀಟಿನ ಮೂತಿ ಒತ್ತಿ ನೋಯುತ್ತಿತ್ತು ಅಂತ ಮೂತಿಯನ್ನು ಕೆಳಕ್ಕೆ ಬಗ್ಗಿಸಿದ್ದೆ. ಹಾಗೆ ಬಗ್ಗಿಸಿದರೆ ಮೈ ಮುಂದಕ್ಕೆ ಜಾರುತ್ತದೆ. ಜಾರುವ ಮೈಯನ್ನು ತಡೆಯುವುದು ಯಾವುದು? ಅಂಗೈ. ಪ್ರತಿ ಕಿಲೋಮೀಟರೂ ನಾನು ನನ್ನ ಅರ್ಧ ಮೈಯನ್ನು ಅಂಗೈ ಬುಡದಿಂದ ಹಿಂದಕ್ಕೆ ತಳ್ಳುತ್ತಿದ್ದೆ. ನೋವು ಕೈಯಲ್ಲಿ ಕಂಡರೂ ತಪ್ಪು ಸೀಟಿನಲ್ಲಿತ್ತು. ನಮ್ಮ ಕಸುಬಿನಲ್ಲೂ ಹೀಗೇ ಅಲ್ಲವೇ? ನೀರಿಲ್ಲದ ಗಲಾಟೆ ನಲ್ಲಿ ಹತ್ತಿರ ಆಗುತ್ತದೆ, ಕಾರಣ ಎಲ್ಲೋ ಮೇಲಿನ ವಾಲ್ವಿನಲ್ಲಿರುತ್ತದೆ.

ಪಕ್ಕದ ಮನೆಯ ಗಾರೆ ಕೆಲಸದ ಅಣ್ಣನ ರಸಮಟ್ಟ ತಂದು ಸೀಟಿನ ಮೇಲಿಟ್ಟೆ. ಗುಳ್ಳೆ ನಡುವೆ ಬರುವವರೆಗೆ ಬೋಲ್ಟ್ ಸಡಿಲಿಸಿ ಸರಿ ಮಾಡಿದೆವು. ಮೂತಿ ನೋಯುತ್ತಿದ್ದದ್ದು ಸೀಟು ತುಸು ಎತ್ತರವಾಗಿದ್ದಕ್ಕೆ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು, ನನ್ನದು ನೆಟ್ಟಗಾಗಿ ಸೊಂಟ ಅತ್ತಿತ್ತ ಅಲ್ಲಾಡುತ್ತಿತ್ತು. ಸೀಟು ಒಂದು ಬೆರಳಿನಷ್ಟು ಇಳಿಸಿ, ಅರ್ಧ ಬೆರಳಿನಷ್ಟು ಹಿಂದಕ್ಕೆ ಸರಿಸಿದರು. ಹಿಂದಕ್ಕೆ ಸರಿದಷ್ಟೂ ಭಾರ ಸೊಂಟಕ್ಕೆ ಹೋಗುತ್ತದೆ.

ಎರಡನೆಯದು ಹ್ಯಾಂಡಲಿನ ಎತ್ತರ. ಸೈಕಲ್ ಮಾರಿದವರು ನನಗಿಂತ ಉದ್ದ, ನನಗಿಂತ ಬಳುಕುವ ಮೈಯವರು. ಅವರ ಅಳತೆಗೆ ಹ್ಯಾಂಡಲ್ ತಗ್ಗಿನಲ್ಲಿ, ದೂರದಲ್ಲಿ ಇತ್ತು. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಮೇಲಿದ್ದ ಉಂಗುರಗಳನ್ನು ಕೆಳಕ್ಕೆ ಹಾಕಿ ಎತ್ತರ ಮಾಡಿದರು. 110 ಮಿಲಿಮೀಟರ್ ಸ್ಟೆಮ್ ತೆಗೆದು 90ರದ್ದು ಹಾಕಿದರು. ಹ್ಯಾಂಡಲನ್ನು ತುಸು ಮೇಲಕ್ಕೆ ತಿರುಗಿಸಿ, ಹುಡ್ ಮೇಲೆ ಕೈಯಿಟ್ಟಾಗ ಮಣಿಕಟ್ಟು ನೆಟ್ಟಗಿರುವಂತೆ ಮಾಡಿದರು. ಎದುರಿಗಿದ್ದವರಿಗೆ ಕೈ ಕುಲುಕುವಾಗ ಮಣಿಕಟ್ಟು ಹೇಗಿರುತ್ತದೋ ಹಾಗೆ. ಅದು ಹಿಂದಕ್ಕೆ ಮಡಚಿದರೆ ನರದ ದಾರಿ ಇನ್ನೂ ಇಕ್ಕಟ್ಟಾಗುತ್ತದೆ.

ಮೂರನೆಯದು ಬ್ಯಾಗು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಆರೂವರೆ ಕೆಜಿ ತೂಗಿತು. ಮುಂದಕ್ಕೆ ಬಾಗಿದವನ ಬೆನ್ನ ಮೇಲಿನ ಆರೂವರೆ ಕೆಜಿಯಲ್ಲಿ ದೊಡ್ಡ ಪಾಲು ಭುಜದಿಂದ ಇಳಿದು ಅಂಗೈಗೇ ಬರುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿದೆ. ಟಗರು ಸೈಕಲಿಗೆ ಕ್ಯಾರಿಯರ್ ಚೆಂದ ಕಾಣುವುದಿಲ್ಲ ಅಂತ ಹುಡುಗರು ಬೇಜಾರು ಮಾಡಿಕೊಂಡರು.

ನಾಲ್ಕನೆಯದು ಟಯರ್. 23 ಮಿಲಿಮೀಟರ್ ಟಯರಿಗೆ 110 ಪೌಂಡ್ ಗಾಳಿ ತುಂಬಿಸಿ, ಕಲ್ಲಿನಂತಾದರೇ ಓಟ ಚೆನ್ನ ಅಂದುಕೊಂಡಿದ್ದೆ. ನಮ್ಮ ಹಳ್ಳಿ ರಸ್ತೆಗಳ ಒಂದೊಂದು ಗುಂಡಿಯೂ ಅದರಿಂದ ನೇರ ಅಂಗೈಗೆ ಬಡಿಯುತ್ತಿತ್ತು. ಫೋರ್ಕಿನಲ್ಲಿ ಜಾಗ ಇದ್ದದ್ದರಿಂದ 28ರ ಟಯರ್ ಹಾಕಿ 80 ಪೌಂಡಿಗೆ ಇಳಿಸಿದರು. ಮೈಭಾರ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ. ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿ ಮಾತ್ರ ಮೀರಬಾರದು.

ಇಷ್ಟಾದ ಮೇಲೆ ಚಾಚಾ ಹ್ಯಾಂಡಲ್ ಟೇಪಿಗೆ ಕೈ ಹಾಕಿದರು. ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಅಂಗೈ ಕೂರುವ ಕಡೆ ಇಟ್ಟು, ಅದರ ಮೇಲೆ ಹೊಸ ಟೇಪ್ ಸುತ್ತಿದರು. ಗ್ಲೌಸ್ ಕೊನೆಯಲ್ಲಿ ತಗೊಂಡೆ. ತೀರಾ ದಪ್ಪ ಮೆತ್ತೆಯದು ಬೇಡ. ಮೆತ್ತೆ ಆ ನರದ ದಾರಿಯ ಮೇಲೇ ಕೂತರೆ ಅದೂ ಒತ್ತುತ್ತದೆ. ದಾರಿಯ ಎರಡು ಪಕ್ಕ ಮೆತ್ತೆ ಇದ್ದು ನಡುವೆ ತಗ್ಗಿರುವುದು ಒಳ್ಳೆಯದು.

ಸೈಕಲ್ ಸರಿಯಾಯಿತು, ಆದರೆ ನನ್ನ ರೂಢಿ ಬದಲಾಗಬೇಕಿತ್ತು. ಮೂರು ಜಾಗ ಕೊಟ್ಟಿರುವುದು ಮೂರನ್ನೂ ಬಳಸಲಿ ಅಂತ. ಹೆದ್ದಾರಿಯಲ್ಲಿ ನಾನೊಂದು ನೇಮ ಮಾಡಿಕೊಂಡೆ: ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಕೈ ಜಾಗ ಬದಲಿಸುವುದು. ಒಂದು ಕಲ್ಲಿಗೆ ಹುಡ್, ಇನ್ನೊಂದಕ್ಕೆ ಮೇಲಿನ ನೇರ ಭಾಗ, ಮತ್ತೊಂದಕ್ಕೆ ಡ್ರಾಪ್. ಎರಡು ಮೂರು ನಿಮಿಷಕ್ಕೊಮ್ಮೆ ಬದಲಾದರೆ ನರದ ಒಂದೇ ಜಾಗಕ್ಕೆ ಒತ್ತಡ ಬೀಳುವುದಿಲ್ಲ. ಒಂದು ಎಚ್ಚರಿಕೆ: ಮೇಲಿನ ಭಾಗ ಹಿಡಿದಾಗ ಬ್ರೇಕ್ ಕೈಗೆ ಸಿಗುವುದಿಲ್ಲ. ಊರೊಳಗೆ, ದನಕರು ಅಡ್ಡ ಬರುವ ಕಡೆ, ಹುಡ್ ಬಿಡಬಾರದು.

ಮೊಣಕೈ ತುಸು ಮಡಚಿರಲಿ. ನೆಟ್ಟಗೆ ಬಿಗಿದ ತೋಳು ಗುಂಡಿಯ ಏಟನ್ನು ನೇರ ಮಣಿಕಟ್ಟಿಗೂ ಭುಜಕ್ಕೂ ದಾಟಿಸುತ್ತದೆ, ಮಡಚಿದ ತೋಳು ಅದನ್ನು ನುಂಗುತ್ತದೆ. ಹಿಡಿತ ಸಡಿಲವಿರಲಿ: ಹೋರಿಯ ಮೂಗುದಾರ ಹಿಡಿದ ಹಾಗಲ್ಲ, ಕರುವಿನ ಕೊರಳ ಮೇಲೆ ಕೈಯಿಟ್ಟ ಹಾಗೆ. ಎದುರುಗಾಳಿ ಬಂದಾಗ ಇದು ಮರೆತುಹೋಗುತ್ತದೆ. ಹಲ್ಲು ಕಚ್ಚಿದ್ದು ಗೊತ್ತಾದರೆ ಕೈಯೂ ಬಿಗಿದಿದೆ ಅಂತಲೇ ಅರ್ಥ. ನಾನು ಹಲ್ಲು ಸಡಿಲಿಸಿ ಕೈ ಸಡಿಲಿಸುತ್ತೇನೆ.

ಕೈಮೇಲೆ ಎಷ್ಟು ಭಾರ ಬೀಳುತ್ತಿದೆ ಅಂತ ತಿಳಿಯಲು ಚಾಚಾ ಒಂದು ಪರೀಕ್ಷೆ ಹೇಳಿಕೊಟ್ಟರು. ಯಾರಾದರೂ ಸೈಕಲನ್ನು ಹಿಂದಿನಿಂದ ಭದ್ರವಾಗಿ ಹಿಡಿದುಕೊಳ್ಳಲಿ. ನೀವು ಓಡಿಸುವಾಗ ಬಾಗುವಷ್ಟೇ ಬಾಗಿ ಕೂತು ಎರಡೂ ಕೈಯನ್ನು ಹ್ಯಾಂಡಲಿನಿಂದ ಒಂದಂಗುಲ ಎತ್ತಿ. ಮೈ ಅಲ್ಲೇ ನಿಂತರೆ ಸರಿ. ಮುಂದಕ್ಕೆ ಕುಸಿದರೆ ಇಷ್ಟು ಹೊತ್ತೂ ನಿಮ್ಮನ್ನು ಹೊತ್ತದ್ದು ಅಂಗೈ. ನಾನು ಕುಸಿದೆ. ಹೊಟ್ಟೆ, ಬೆನ್ನಿನ ಬಲ ಸಾಲದು ಅಂತ ಅಂದಿನಿಂದ ದಿನಾ ನಾಲ್ಕು ನಿಮಿಷ ಮೊಣಕೈ ಊರಿ ಹಲಗೆಯಂತೆ ನಿಲ್ಲುವ ವ್ಯಾಯಾಮ ಮಾಡುತ್ತೇನೆ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೇ ಸಲ ಕೋಡಿ ಬಿತ್ತು. ಅದೇ ದಾರಿ, ಅದೇ ಸೈಕಲ್. ಬ್ಯಾಗು ಕ್ಯಾರಿಯರಿನಲ್ಲಿತ್ತು. ಐಮಂಗಲದಲ್ಲಿ ಇಳಿದು ಟೀ ಕುಡಿದೆ. ಮೊದಲಾದರೆ ಇಳಿಯುತ್ತಲೇ ಇರಲಿಲ್ಲ. ಅಣೆಕಟ್ಟೆ ಹತ್ತಿರ ಫೋನ್ ಬಲಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದಲೇ ಪೂರ್ತಿ ಸುದ್ದಿ ಟೈಪ್ ಮಾಡಿದೆ. ಕೋಡಿ ಕೋಡಿಯಾಗೇ ಹೋಯಿತು. ಅದೇ ತಿಂಗಳ 30ಕ್ಕೆ ಟಿಪ್ಪಣಿ ನೋಡಿ ಬರೆಯಲಿಲ್ಲ. ಗುಣವಾದ ಒಬ್ಬರನ್ನು ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ, ಮಾತಾಡಿಸಿ ಬರೆದೆ. ನಾಲ್ಕು ವರ್ಷ ಮುಚ್ಚಿಟ್ಟಿದ್ದರಂತೆ.

ಗೆಳೆಯನಿಗೆ ಇಷ್ಟು ಹೇಳಬೇಕು. ಗ್ಲೌಸ್ ಆಮೇಲೆ. ಮೊದಲು ಕಣ್ಣು ಮುಚ್ಚಿಕೊಂಡು ಯಾವ ಬೆರಳು ಅಂತ ನೋಡಿಕೋ. ಕಿರುಬೆರಳ ಕಡೆಯಾದರೆ ಅಂಗೈ ಬುಡದ ಒತ್ತಡ ಇಳಿಸು. ಹೆಬ್ಬೆರಳು, ತೋರುಬೆರಳ ಕಡೆಯಾದರೆ ಇನ್ನೊಂದು ನರ, ಮಣಿಕಟ್ಟು ಮಡಚುವುದನ್ನು ನೋಡಿಕೋ. ಇಳಿದು ಕೊಡವಿದರೆ ಹೋಗುವ ಜೋಮಾದರೆ ಸೀಟಿನಿಂದ ಶುರುಮಾಡಿ ಸೈಕಲ್ ಸರಿಮಾಡು. ಒಂದೆರಡು ದಿನಕ್ಕೂ ಹೋಗದಿದ್ದರೆ, ಬೆರಳಲ್ಲಿ ಬಲ ಕಡಿಮೆಯಾದರೆ, ಸೈಕಲ್ ಹತ್ತದ ದಿನವೂ ಜೋಮಿದ್ದರೆ, ವೈದ್ಯರಲ್ಲಿಗೆ ಹೋಗು. ಮೂರು ವಾರ ಕಾಯಬೇಡ. ಯಾವ ರೋಗದ ಹೆಸರಿಗೂ ಹೆದರಿ ಕೈಯನ್ನು ಜೇಬಿನಲ್ಲಿಡಬೇಡ. ಮತ್ತೆ, ಅವ್ವನಿಗೆ ಹೇಳಿಬಿಡು.